ಡಬ್ಬಿ ಬದಲಿಸಿದರೆ ಅದು ಮರುಕಥನವಾಗುವುದಿಲ್ಲ

1991ರಲ್ಲಿ ಕೆವಿನ್ ಕಾಸ್ಟ್ನರ್ ನಟಿಸಿದ ರಾಬಿನ್ ಹುಡ್ ಸಿನಿಮಾ ಬಂತು. ಅದರ ಜೊತೆಗೇ ಅಮೆರಿಕದ ಕೆನ್ನರ್ ಕಂಪನಿ ಆ ಸಿನಿಮಾದ ಆಟಿಕೆಗಳನ್ನು ಅಂಗಡಿಗೆ ತಂದಿತು. ಅವುಗಳಲ್ಲಿ ಫ್ರಯರ್ ಟಕ್ ಎಂಬ ದಪ್ಪ ಹೊಟ್ಟೆಯ ಸನ್ಯಾಸಿಯ ಗೊಂಬೆಯೂ ಇತ್ತು. ಅದರ ತಲೆ ಹೊಸದು. ಕುತ್ತಿಗೆಯಿಂದ ಕೆಳಗಿನ ದೇಹ ಮಾತ್ರ 1983ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಅರಮನೆ ಕಾಯುತ್ತಿದ್ದ ಹಂದಿಮುಖದ ಕಾವಲುಗಾರನದು. ರಾಬಿನ್ ಹುಡ್ ಮತ್ತು ಅವನ ಸಂಗಡಿಗರು ಅಡಗಿ ಕೂರುವ ಶೆರ್‌ವುಡ್ ಕಾಡೂ ಹಾಗೆಯೇ. ಅದು ಅದೇ ಸ್ಟಾರ್ ವಾರ್ಸ್‌ನ ಈವೋಕ್ ಎಂಬ ಕರಡಿಮರಿಯಂಥ ಜೀವಿಗಳು ಮರದ ಮೇಲೆ ಕಟ್ಟಿಕೊಂಡಿದ್ದ ಊರು. ಇನ್ನು ರಾಬಿನ್ ಹುಡ್‌ನ ದೇಹ, ಅದೇ ಕಂಪನಿ ಆರೇಳು ವರ್ಷ ಹಿಂದೆ ಮಾರಿದ್ದ ಗ್ರೀನ್ ಆರೋ ಎಂಬ ಕಾಮಿಕ್ಸ್ ನಾಯಕನ ಗೊಂಬೆಯದು. ಗ್ರೀನ್ ಆರೋ ಪಾತ್ರವಾದರೂ ಬಿಲ್ಲು, ಬಾಣ, ಟೋಪಿ ಸಮೇತ ರಾಬಿನ್ ಹುಡ್‌ನಿಂದಲೇ ಪಡೆದದ್ದು. ಮೊಮ್ಮಗನ ಅಂಗಿ ತೊಡಿಸಿ ಅಜ್ಜನನ್ನು ಮಾರಿದ ಹಾಗಾಯಿತು.

ಇದನ್ನು ಓದಿ ನಗು ಬಂದರೆ ತಪ್ಪೇನಿಲ್ಲ, ನನಗೂ ಬಂದಿತ್ತು. ಆದರೆ ಆಟಿಕೆ ಉದ್ಯಮದಲ್ಲಿ ಇದು ಅಪರೂಪದ ತಮಾಷೆಯೇನೂ ಅಲ್ಲ, ದಿನನಿತ್ಯದ ಪದ್ಧತಿ. 1982ರಲ್ಲಿ ಹೀ-ಮ್ಯಾನ್ ಜೊತೆ ಬಂದ ಹಸಿರು ಹುಲಿ ಬ್ಯಾಟಲ್ ಕ್ಯಾಟ್ ಅಷ್ಟು ದೊಡ್ಡದಾಗಿದ್ದುದು ಯಾರದೋ ಕಲ್ಪನೆಯಿಂದಲ್ಲ. ಮ್ಯಾಟೆಲ್ ಕಂಪನಿಯ ಬಿಗ್ ಜಿಮ್ ಎಂಬ ಹಳೆಯ, ಎತ್ತರದ ಗೊಂಬೆಗಳಿಗಾಗಿ ಮಾಡಿದ್ದ ಹುಲಿಯ ಅಚ್ಚು ಅಲ್ಲಿ ಬಿದ್ದಿತ್ತು. ಹೀ-ಮ್ಯಾನ್ ಗೊಂಬೆ ಅದಕ್ಕಿಂತ ಗಿಡ್ಡ. ಹಾಗಾಗಿ ಹುಲಿ ಕುದುರೆಯಷ್ಟಾಯಿತು, ಬೆನ್ನಿಗೆ ಜೀನು ಬಂತು, ಸವಾರನೂ ಬಂದ. ಮುಂದೆ ಅದೇ ಹುಲಿಗೆ ನೇರಳೆ ಬಣ್ಣದ ನವಿರು ತುಪ್ಪಳ ಅಂಟಿಸಿ, ಖಳನಾಯಕನ ವಾಹನ ಪ್ಯಾಂಥರ್ ಎಂದು ಮತ್ತೊಮ್ಮೆ ಮಾರಿದರು.

ಕಾರಣ ಸರಳವಾದ ಲೆಕ್ಕಾಚಾರ. ಪ್ಲಾಸ್ಟಿಕ್ ಗೊಂಬೆಯೊಂದರಲ್ಲಿ ದುಬಾರಿಯಾದದ್ದು ಪ್ಲಾಸ್ಟಿಕ್ ಅಲ್ಲ, ಅಚ್ಚು. ಗೊಂಬೆಯ ಒಂದೊಂದು ಭಾಗಕ್ಕೂ ಉಕ್ಕಿನಲ್ಲಿ ಕೂದಲೆಳೆಯಷ್ಟು ನಿಖರವಾಗಿ ಕುಳಿ ಕೊರೆಯಬೇಕು. ಕರಗಿದ ಪ್ಲಾಸ್ಟಿಕನ್ನು ಒತ್ತಡದಿಂದ ಅದರೊಳಗೆ ತುಂಬಿ, ತಣಿಸಿ, ಹೊರತೆಗೆಯಬೇಕು. ಒಮ್ಮೆ ಅಚ್ಚು ಸಿದ್ಧವಾಯಿತೆಂದರೆ ಅದರಿಂದ ಲಕ್ಷಗಟ್ಟಲೆ ತುಂಡುಗಳನ್ನು ತೆಗೆಯಬಹುದು. ಬಂಡವಾಳವೆಲ್ಲ ಮೊದಲ ಗೊಂಬೆಯಲ್ಲಿದೆ, ಆಮೇಲಿನದೆಲ್ಲ ಚಿಲ್ಲರೆ ಖರ್ಚು. ಸಿನಿಮಾ ಸೋತರೂ ಅಚ್ಚು ಸಾಯುವುದಿಲ್ಲ. ಅದು ಇನ್ನೊಂದು ಹೆಸರಿಗೆ, ಇನ್ನೊಂದು ಬಣ್ಣಕ್ಕೆ, ಇನ್ನೊಂದು ರಟ್ಟಿನ ಡಬ್ಬಿಗೆ ಕಾಯುತ್ತ ಉಗ್ರಾಣದಲ್ಲಿ ಕುಳಿತಿರುತ್ತದೆ.

ಇಲ್ಲಿಯವರೆಗಿನ ಮಾತಿಗೆ ನನ್ನ ತಕರಾರಿಲ್ಲ. ಇದ್ದದ್ದನ್ನು ಮತ್ತೆ ಬಳಸುವುದು ಬಡವರ ಮನೆಯ ಜಾಣ್ಮೆ. ಅಕ್ಕನ ಲಂಗ ತಂಗಿಗೆ, ಅಣ್ಣನ ಪಠ್ಯಪುಸ್ತಕ ತಮ್ಮನಿಗೆ ಬಂದ ಮನೆಗಳಲ್ಲೇ ನಾವು ಬೆಳೆದದ್ದು. ತಕರಾರು ಇರುವುದು, ಈ ವ್ಯಾಪಾರಕ್ಕೆ ಇತ್ತೀಚೆಗೆ ನಮ್ಮ ಸೆಮಿನಾರ್ ಕೋಣೆಗಳಿಂದ ಸಿಗುತ್ತಿರುವ ಆಶೀರ್ವಾದದ ಬಗ್ಗೆ. ಜನಪ್ರಿಯ ಸಂಸ್ಕೃತಿಯ ಅಧ್ಯಯನ ಎಂಬ ಹೆಸರಿನಲ್ಲಿ ಒಂದು ವಾದ ಚೆನ್ನಾಗಿ ಓಡುತ್ತಿದೆ. ಮೂಲ ಎಂಬುದೇ ಇಲ್ಲ, ಎಲ್ಲವೂ ಮರುಕಥನ, ರಾಮಾಯಣ ಮುನ್ನೂರಿದ್ದರೆ ರೋಬೋ ಗೊಂಬೆಯೂ ಮುನ್ನೂರಿರಲಿ ಎಂಬುದು ಆ ವಾದ. ಕೇಳಲು ಉದಾರವಾಗಿದೆ. ಆದರೆ ಇದು ಮರುಕಥನಕ್ಕೇ ಮಾಡುವ ಅವಮಾನ ಎಂದು ನಾನು ವಾದಿಸಬೇಕೆಂದಿದ್ದೇನೆ.

ಇದಕ್ಕೆ ಅತ್ಯಂತ ದೊಡ್ಡ ಉದಾಹರಣೆಯನ್ನೇ ನೋಡೋಣ. 1984ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಲ್ಲಿ ಕಾರು, ವಿಮಾನ, ಪಿಸ್ತೂಲುಗಳಾಗಿ ಬದಲಾಗುವ ರೋಬೋಗಳನ್ನು ಮಾರುಕಟ್ಟೆಗೆ ತಂದಿತು. ಅವುಗಳಲ್ಲಿ ಒಂದನ್ನೂ ಹ್ಯಾಸ್ಬ್ರೋ ಹೊಸದಾಗಿ ರೂಪಿಸಿರಲಿಲ್ಲ. ಹೆಚ್ಚಿನವು ಜಪಾನಿನ ಟಕಾರಾ ಕಂಪನಿಯವು, ಅದೂ ಎರಡು ಬೇರೆ ಬೇರೆ ಸರಣಿಗಳವು. ಒಂದು, 1980ರಲ್ಲಿ ಶುರುವಾದ ಡಯಾಕ್ಲೋನ್. ಅದರ ರೋಬೋಗಳಿಗೆ ಸ್ವಂತ ಜೀವವಿಲ್ಲ. ಹೆಬ್ಬೆರಳಿಗಿಂತ ಚಿಕ್ಕ ಮನುಷ್ಯ ಚಾಲಕರು ಒಳಗೆ ಕೂತು ಅವುಗಳನ್ನು ನಡೆಸುತ್ತಿದ್ದರು. ಇನ್ನೊಂದು, ಮೈಕ್ರೋ ಚೇಂಜ್. ಅದರಲ್ಲಿ ರೋಬೋಗಳು ಮನೆಯೊಳಗಿನ ವಸ್ತುಗಳ ನಿಜವಾದ ಗಾತ್ರದಲ್ಲೇ ವೇಷ ಮರೆಸಿಕೊಂಡಿರುತ್ತಿದ್ದವು. ಕ್ಯಾಸೆಟ್ ಪ್ಲೇಯರ್, ಕ್ಯಾಮೆರಾ, ಪಿಸ್ತೂಲು, ಮಕ್ಕಳ ಆಟದ ಕಾರು, ಹೀಗೆ. ಡಯಾಕ್ಲೋನ್‌ನಲ್ಲಿ ಬ್ಯಾಟಲ್ ಕಾನ್ವಾಯ್ ಎನಿಸಿಕೊಂಡಿದ್ದ ಲಾರಿ ಅಮೆರಿಕದಲ್ಲಿ ಆಪ್ಟಿಮಸ್ ಪ್ರೈಮ್ ಆಯಿತು. ಮೈಕ್ರೋ ಚೇಂಜ್‌ನ ಪಿಸ್ತೂಲು ಮೆಗಾಟ್ರಾನ್ ಆಯಿತು.

ಹ್ಯಾಸ್ಬ್ರೋ ಈ ಎರಡು ಲೋಕಗಳನ್ನು ಒಂದೇ ಡಬ್ಬಿಯ ವಿನ್ಯಾಸಕ್ಕೆ ತುಂಬಿ, ಇವೆಲ್ಲ ಬೇರೆ ಗ್ರಹದಿಂದ ಬಂದ, ಸ್ವಂತ ಮನಸ್ಸಿರುವ ಯಂತ್ರಜೀವಿಗಳು ಎಂದಿತು. ಕಥೆ ಬರೆಯಲು ಮಾರ್ವೆಲ್ ಕಾಮಿಕ್ಸ್‌ನ ಮೊರೆಹೋಯಿತು. ಜಿಮ್ ಶೂಟರ್ ಕಥೆಯ ಹಂದರ ಹಾಕಿದರು. ಡೆನಿ ಓನೀಲ್ ಆಪ್ಟಿಮಸ್ ಪ್ರೈಮ್ ಎಂಬ ಹೆಸರು ಕೊಟ್ಟರು. ಬಾಬ್ ಬುಡಿಯಾನ್‌ಸ್ಕಿ ಎಂಬ ಸಂಪಾದಕರು ಕೆಲವೇ ದಿನಗಳಲ್ಲಿ ಉಳಿದ ಬಹುತೇಕ ಪಾತ್ರಗಳಿಗೆ ಹೆಸರು, ಸ್ವಭಾವ, ದೌರ್ಬಲ್ಯಗಳನ್ನು ಬರೆದರು. ಮೊದಲೇ ಎರಕವಾಗಿದ್ದ ಪ್ಲಾಸ್ಟಿಕ್ಕಿಗೆ ಒಬ್ಬ ಲೇಖಕ ಕೂತು ಜೀವ ಬರೆದದ್ದು ಸಣ್ಣ ಕೆಲಸವಲ್ಲ. ಒಂದೇ ಅಚ್ಚಿನ ಯುದ್ಧವಿಮಾನ ಮೂರು ಬಣ್ಣದಲ್ಲಿ ಮೂರು ಪಾತ್ರವಾಯಿತು. ಸ್ಟಾರ್‌ಸ್ಕ್ರೀಮ್ ಒಡೆಯನ ಬೆನ್ನಿಗೆ ಚೂರಿ ಹಾಕಲು ಕಾಯುವ ಮಹತ್ವಾಕಾಂಕ್ಷಿ, ಥಂಡರ್‌ಕ್ರ್ಯಾಕರ್ ಯುದ್ಧದ ಬಗ್ಗೆಯೇ ಅನುಮಾನ ಇಟ್ಟುಕೊಂಡವನು, ಸ್ಕೈವಾರ್ಪ್ ಕೀಟಲೆಯ ಕೇಡಿಗ. ನಲವತ್ತು ವರ್ಷ ದಾಟಿದರೂ ಜನ ನೆನಪಿಟ್ಟುಕೊಂಡಿರುವುದು ಈ ಬರವಣಿಗೆಯನ್ನು. ಕಥೆ ಕಟ್ಟಿದವರ ಶ್ರಮವನ್ನು ಕೀಳುಮಾಡುವುದು ನನ್ನ ಉದ್ದೇಶವಲ್ಲ.

ಆದರೆ ಗೊಂಬೆ ಕಥೆಯ ಮಾತನ್ನು ಪೂರ್ತಿ ಕೇಳಲಿಲ್ಲ. ಹಲವು ಕಾರುಗಳ ಬಾಗಿಲು ತೆರೆದರೆ, ವಿಮಾನದ ಕಾಕ್‌ಪಿಟ್ ಎತ್ತಿದರೆ, ಒಳಗೆ ಒಂದು ಪುಟ್ಟ ಆಸನ ಕಾಣುತ್ತದೆ. ತಾನೇ ಜೀವಿಯಾದ ರೋಬೋಗೆ ಆಸನ ಯಾಕೆ? ಅಲ್ಲಿ ಕೂರಬೇಕಿದ್ದ ಡಯಾಕ್ಲೋನ್ ಚಾಲಕನನ್ನು ಡಬ್ಬಿಯಿಂದ ತೆಗೆದುಹಾಕಿದ್ದಾರೆ, ಆಸನವನ್ನು ಅಚ್ಚಿನಿಂದ ತೆಗೆಯಲಿಲ್ಲ. ತೆಗೆಯಲು ದುಡ್ಡು ಬೇಕು. ಇನ್ನು ಅಂಗೈಗಾತ್ರದ ಪಿಸ್ತೂಲಾಗುವ ಮೆಗಾಟ್ರಾನ್, ಲಾರಿಯಾಗುವ ಆಪ್ಟಿಮಸ್ ಪ್ರೈಮ್‌ಗೆ ಎದುರಾಎದುರು ನಿಂತು ಕಾದಾಡುವುದು ಹೇಗೆ? ಎರಡು ಬೇರೆ ಅಳತೆಯ ಲೋಕಗಳನ್ನು ಒಂದು ಮಾಡಿದ್ದರ ಹೊಲಿಗೆ ಅದು. ಹಸ್ತಪ್ರತಿಗಳ ಜೊತೆ ಕೆಲಸ ಮಾಡುವವರಿಗೆ ಇದು ಪರಿಚಿತ. ಪಠ್ಯದ ನಡುವೆ ಅರ್ಥಕ್ಕೆ ಹೊಂದದ ಒಂದು ರೂಪ ಉಳಿದಿದ್ದರೆ, ಗ್ರಂಥಸಂಪಾದನೆ ಮಾಡುವವರು ಅಲ್ಲೇ ನಿಂತು ಇದರ ಹಿಂದೆ ಇನ್ನೊಂದು ಪ್ರತಿ ಇತ್ತೇ ಎಂದು ಕೇಳುತ್ತಾರೆ. ಗೊಂಬೆಯ ಖಾಲಿ ಆಸನವೂ ಅಂಥದೇ ಸುಳಿವು.

ಹಾಗಾದರೆ ಆ ಹಿಂದಿನ ಪ್ರತಿಯನ್ನು ಬರೆದವರು ಯಾರು? ಟಕಾರಾದ ವಿನ್ಯಾಸಕರಲ್ಲಿ ಹಿದೆಯಾಕಿ ಯೋಕೆ, ಕೋಜಿನ್ ಓನೋ ಮುಂತಾದವರಿದ್ದರು. ಲಾರಿಯನ್ನು ಎಲ್ಲಿ ಮಡಚಿದರೆ ಮೊಣಕೈಯಾಗುತ್ತದೆ, ಎಲ್ಲಿ ತಿರುಗಿಸಿದರೆ ಎದೆಯಾಗುತ್ತದೆ ಎಂದು ಕೀಲು ಕೀಲಾಗಿ ಯೋಚಿಸಿದವರು ಇಂಥ ಜನ. ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರೇ ಆ ಕೀಲುಗಳ ಮೇಲೆ ನಿಂತಿದೆ. 1984ರ ಗೊಂಬೆಯ ಮೈಮೇಲೆ ಟಕಾರಾ ಕಂಪನಿಯ ಹೆಸರನ್ನು ಸಣ್ಣ ಅಕ್ಷರದಲ್ಲಿ ಒತ್ತಲಾಗಿತ್ತು. ಮನುಷ್ಯರ ಹೆಸರು ಗೊಂಬೆಯ ಮೇಲೂ ಇರಲಿಲ್ಲ, ಡಬ್ಬಿಯ ಮೇಲೂ ಇರಲಿಲ್ಲ. ಹ್ಯಾಸ್ಬ್ರೋ ತನ್ನ ಟ್ರಾನ್ಸ್‌ಫಾರ್ಮರ್ಸ್ ಗೌರವ ಪಟ್ಟಿಗೆ ಯೋಕೆ ಅವರನ್ನು ಸೇರಿಸಿಕೊಂಡದ್ದು 2010ರಲ್ಲಿ. ಮೊದಲ ಗೊಂಬೆ ಮಾರಾಟವಾಗಿ ಆಗಲೇ 26 ವರ್ಷವಾಗಿತ್ತು.

ಜೆಟ್‌ಫೈರ್‌ನ ಕಥೆ ಇನ್ನೂ ವಿಚಿತ್ರ. 1985ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಡಬ್ಬಿಯಲ್ಲಿ ಬಂದ ಈ ದೊಡ್ಡ ಬಿಳಿ ವಿಮಾನ ಟಕಾರಾದ್ದೂ ಅಲ್ಲ. ಅದು 1982ರ ಮ್ಯಾಕ್ರಾಸ್ ಎಂಬ ಜಪಾನಿ ಟಿವಿ ಸರಣಿಗಾಗಿ ಶೋಜಿ ಕವಾಮೊರಿ ವಿನ್ಯಾಸ ಮಾಡಿದ ವ್ಯಾಲ್ಕಿರಿ ವಿಮಾನ. ಆಟಿಕೆಯಾಗಿ ಮಾಡಿದ್ದು ಟಕಾಟೊಕು ಎಂಬ ಕಂಪನಿ. ಮೊದಮೊದಲು ಬಂದ ಜೆಟ್‌ಫೈರ್‌ಗಳ ಮೈಮೇಲೆ ಮ್ಯಾಕ್ರಾಸ್‌ನ ಸೇನಾ ಲಾಂಛನ ಹಾಗೇ ಉಳಿದಿತ್ತು. ಟಕಾಟೊಕು ಮುಳುಗಿದ ಮೇಲೆ ಜಪಾನಿನಲ್ಲಿ ಆ ಆಟಿಕೆ ಟಕಾರಾದ ಪ್ರತಿಸ್ಪರ್ಧಿ ಬಂಡಾಯ್ ಕೈಸೇರಿತು. ಹಾಗಾಗಿ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನಲ್ಲಿ ಅದೇ ಪಾತ್ರಕ್ಕೆ ಬೇರೆ ಆಕಾರ ಬರೆದು ಸ್ಕೈಫೈರ್ ಎಂದು ಕರೆದರು. ಅದೇ 1985ರಲ್ಲಿ ಮ್ಯಾಕ್ರಾಸ್ ಸರಣಿಯೇ ರೋಬೊಟೆಕ್ ಎಂಬ ಹೆಸರು ಹೊತ್ತು ಅಮೆರಿಕದ ಟಿವಿಗೆ ಬಂತು. ಅಲ್ಲಿನ ಮಗುವಿನ ಸ್ಥಿತಿ ಯೋಚಿಸಿ. ಟಿವಿಯಲ್ಲಿ ಕಂಡ ರೋಬೊಟೆಕ್ ವಿಮಾನ ಅಂಗಡಿಯಲ್ಲಿ ಜೆಟ್‌ಫೈರ್ ಎಂಬ ಹೆಸರಿನಲ್ಲಿದೆ, ಜೆಟ್‌ಫೈರ್ ಎಂದು ಕೊಂಡುತಂದದ್ದು ಕಾರ್ಟೂನಿನಲ್ಲಿ ಇನ್ನೊಂದು ಹೆಸರು, ಇನ್ನೊಂದು ಮುಖ ಹೊತ್ತಿದೆ. ರೋಬೊಟೆಕ್ ಹಕ್ಕು ಹೊಂದಿದ್ದ ಹಾರ್ಮನಿ ಗೋಲ್ಡ್ ಕಂಪನಿ 2013ರಲ್ಲಿ ಇನ್ನೊಂದು ಜೆಟ್‌ಫೈರ್ ಆಟಿಕೆಯ ವಿಷಯಕ್ಕೆ ಹ್ಯಾಸ್ಬ್ರೋ ಮೇಲೆ ದಾವೆ ಹೂಡಿತು. ಕವಾಮೊರಿ ಕಾಗದದ ಮೇಲೆ ಎಳೆದ ಗೆರೆಗಾಗಿ ಎರಡು ಅಮೆರಿಕನ್ ಕಂಪನಿಗಳ ವ್ಯಾಜ್ಯ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಗೊಂಬೆಯಲ್ಲಿ ಆದದ್ದು ಮನುಷ್ಯರ ದೇಹಕ್ಕೂ ಆಯಿತು. ನನ್ನ ತಲೆಮಾರಿನವರು ಶಾಲೆ ಬಿಟ್ಟು ಬಂದು ನೋಡಿದ ಪವರ್ ರೇಂಜರ್ಸ್ 1993ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅದರ ಹೊಡೆದಾಟದ ದೃಶ್ಯಗಳು 1992ರ ಜಪಾನಿನ ಜುರೇಂಜರ್ ಸರಣಿಯವು. ಶಿರಸ್ತ್ರಾಣ ತೊಟ್ಟಿರುವವರೆಗೆ ಜಪಾನಿ ಸಾಹಸ ಕಲಾವಿದರು, ತೆಗೆದಾಗ ಅಮೆರಿಕನ್ ನಟರು. ಮುಖ ಮುಚ್ಚಿದ್ದರಿಂದ ಬದಲಿಸುವುದು ಸುಲಭವಾಯಿತು. ಬಂಡಾಯ್ ಜಪಾನಿನಲ್ಲಿ ಮಾರಿದ ರೋಬೋಗಳೇ ಹೊಸ ಡಬ್ಬಿಯಲ್ಲಿ ಅಲ್ಲಿಗೂ ಹೋದವು. ಇಲ್ಲಿಯೂ ಒಂದು ಖಾಲಿ ಆಸನವಿದೆ. ಗುಲಾಬಿ ರೇಂಜರಳ ಉಡುಪಿಗೆ ಪುಟ್ಟ ಲಂಗವಿದೆ, ಹಳದಿ ರೇಂಜರಳ ಉಡುಪಿಗೆ ಇಲ್ಲ. ಇಬ್ಬರೂ ಹುಡುಗಿಯರೇ ಅಲ್ಲವೇ ಎಂದು ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಕೇಳಿಕೊಂಡಿರುತ್ತೀರಿ. ಜಪಾನಿ ಸರಣಿಯಲ್ಲಿ ಹಳದಿ ಯೋಧ ಗಂಡಸು. ಆ ಕಾಣೆಯಾದ ಲಂಗ, ಮುಖ ಕಾಣದೆ ನಮಗಾಗಿ ನೆಗೆದು ಬಿದ್ದ ಆ ಕಲಾವಿದರು ಬಿಟ್ಟುಹೋದ ಒಂದೇ ಗುರುತು.

ಈಗ ಮರುಕಥನದ ಮಾತಿಗೆ ಬರೋಣ. ಎ.ಕೆ. ರಾಮಾನುಜನ್ ಮುನ್ನೂರು ರಾಮಾಯಣಗಳ ಬಗ್ಗೆ ಬರೆದ ಪ್ರಬಂಧವನ್ನು ಈ ವಾದಕ್ಕೆ ಎಳೆದು ತರುವವರು ಅದನ್ನು ಇನ್ನೊಮ್ಮೆ ಓದಬೇಕು. ಆ ಪ್ರಬಂಧ ನಿಲ್ಲುವುದೇ ವಾಲ್ಮೀಕಿ, ಕಂಬ, ವಿಮಲಸೂರಿ ಎಂದು ಒಬ್ಬೊಬ್ಬರನ್ನೂ ಗುರುತಿಸಿ ಅಕ್ಕಪಕ್ಕ ಇಡುವುದರ ಮೇಲೆ. ಯಾರ ಹೇಳಿಕೆ ಯಾವುದು ಎಂಬುದೇ ಗೊತ್ತಿಲ್ಲದಿದ್ದರೆ ಹೋಲಿಕೆ ಎಲ್ಲಿಂದ ಬರಬೇಕು? ಕನ್ನಡದ ಆದಿಕವಿ 941ರ ಸುಮಾರಿಗೆ ಮಾಡಿದ್ದೂ ಒಂದು ಅರ್ಥದಲ್ಲಿ ಡಬ್ಬಿ ಬದಲಿಸುವ ಕೆಲಸವೇ. ಅರ್ಜುನನ ಪಾತ್ರದೊಳಗೆ ತನ್ನ ದೊರೆ ಅರಿಕೇಸರಿಯನ್ನು ಕೂರಿಸಿದ. ಆದರೆ ಪಂಪ ವ್ಯಾಸನ ಹೆಸರನ್ನು ಮುಚ್ಚಿಡಲಿಲ್ಲ. ಕಾವ್ಯದ ಆರಂಭದಲ್ಲೇ ಅವನನ್ನು ನೆನೆದು, ಅವನ ಎದುರು ತನ್ನ ಅಳತೆ ಎಷ್ಟೆಂದು ಹೇಳಿಕೊಂಡ. ನಾಗಚಂದ್ರ ತನ್ನನ್ನೇ ಅಭಿನವಪಂಪ ಎಂದು ಕರೆದುಕೊಂಡ, ಬಿರುದಿನಲ್ಲೇ ಸಾಲದ ಲೆಕ್ಕವಿದೆ. ಬಿ.ಎಂ.ಶ್ರೀ. 1926ರಲ್ಲಿ ಪ್ರಕಟಿಸಿದ ಸಂಕಲನ ಹೊಸಗನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿತು. ಅದಕ್ಕೆ ಅವರು ಇಟ್ಟ ಹೆಸರು 'ಇಂಗ್ಲಿಷ್ ಗೀತಗಳು'. ಎಲ್ಲಿಂದ ತಂದದ್ದು ಎಂಬುದು ರಕ್ಷಾಪುಟದಲ್ಲೇ ಇದೆ. ಅಷ್ಟೇ ಏಕೆ, ಬೇರೆಯವರ ಕಾವ್ಯವನ್ನು ಬರೀ ನಕಲು ಮಾಡಿದ ಎಷ್ಟೋ ಲಿಪಿಕಾರರು ಕೂಡ ಓಲೆಯ ಕೊನೆಯಲ್ಲಿ ತಮ್ಮ ಹೆಸರು, ಬರೆದು ಮುಗಿಸಿದ ತಿಥಿ ವಾರ ಬರೆದಿಟ್ಟಿದ್ದಾರೆ.

ಮರುಕಥನವೆಂದರೆ ಹಿಂದಿನವರ ಜೊತೆ ನಡೆಸುವ ಮಾತುಕತೆ. ಎದುರಿಗಿದ್ದವರನ್ನು ಕೋಣೆಯಿಂದ ಹೊರಗೆ ಹಾಕಿದ ಮೇಲೆ ಮಾತುಕತೆ ಎಲ್ಲಿಯದು? ಹ್ಯಾಸ್ಬ್ರೋ ದುಡ್ಡು ಕೊಟ್ಟೇ ಕೊಂಡಿತು, ಕಾನೂನಿನ ಪ್ರಕಾರ ಕಳ್ಳತನವಿಲ್ಲ, ಒಪ್ಪಿದೆ. ಅಚ್ಚಿಗೆ ಬೆಲೆ ಇದೆ, ಅದನ್ನು ಕಟ್ಟಿದರೆ ಅಚ್ಚು ಸಿಗುತ್ತದೆ. ಮಾಡಿದವರು ಯಾರು ಎಂಬ ಸತ್ಯ ಆ ಬೆಲೆಯೊಳಗೆ ಸೇರಿತ್ತೇ? ಪುಸ್ತಕದ ಹಕ್ಕು ಕೊಂಡ ಪ್ರಕಾಶಕ ಲೇಖಕನ ಹೆಸರು ಕಿತ್ತು ತನ್ನ ಹೆಸರು ಹಾಕಿಕೊಂಡರೆ, ಪತ್ರಿಕೆ ಓದುವ ನಾವೆಲ್ಲ ಬೀದಿಗಿಳಿಯುತ್ತೇವೆ. ಗೊಂಬೆ ಮಕ್ಕಳ ವಸ್ತುವಾದ್ದರಿಂದ ಅದನ್ನು ಮಾಡಿದವರು ಕಲಾವಿದರಲ್ಲ ಎಂಬ ಅಸಡ್ಡೆ ನಮ್ಮೊಳಗೇ ಇದೆ.

ಮಗುವಿಗೆ ಇದೆಲ್ಲ ಬೇಕಿಲ್ಲ, ಅದಕ್ಕೆ ಆಡಲು ಸಿಕ್ಕರೆ ಸಾಕು ಎನ್ನುವವರಿದ್ದಾರೆ. ಇದೇ ಕಂಪನಿಗಳ ನಡವಳಿಕೆಯೇ ಅದಕ್ಕೆ ಉತ್ತರ. 2018ರಲ್ಲಿ ಹ್ಯಾಸ್ಬ್ರೋ 1984ರ ಆ ಗೊಂಬೆಗಳನ್ನು ಹಳೆಯ ಡಬ್ಬಿಯ ವಿನ್ಯಾಸದಲ್ಲೇ ವಾಲ್‌ಮಾರ್ಟ್ ಅಂಗಡಿಗಳ ಮೂಲಕ ಮತ್ತೆ ಮಾರಿತು. ಟಕಾರಾ ಟೊಮಿ 2016ರಲ್ಲಿ ಡಯಾಕ್ಲೋನ್ ಹೆಸರಿಗೇ ಮರುಜೀವ ಕೊಟ್ಟಿತು, ಈ ಸಲ ಕೊಳ್ಳುವವರು ದೊಡ್ಡವರು. ಅಂದರೆ ವಸ್ತುವಿಗೆ ಚರಿತ್ರೆ ಇದೆ, ಚರಿತ್ರೆಗೆ ಬೆಲೆ ಇದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಹಳೆಯದನ್ನು ಮಗುವಿಗೆ ಹೊಸದೆಂದು ಮಾರುತ್ತಾರೆ, ಆ ಮಗು ಬೆಳೆದು ಸಂಬಳ ಎಣಿಸತೊಡಗಿದ ಮೇಲೆ ಅದನ್ನೇ ಹಳೆಯದೆಂದು ಮಾರುತ್ತಾರೆ. ನೆನಪು ಮಾರಾಟಕ್ಕೆ ಒದಗುವಾಗ ಡಬ್ಬಿಯ ಮೇಲೆ ಬರುತ್ತದೆ, ಒದಗದಾಗ ಅಳಿಸಿಹೋಗುತ್ತದೆ.

ಇದು ದೂರದ ಅಮೆರಿಕ, ಜಪಾನಿನ ಸಂಗತಿ ಮಾತ್ರವೂ ಅಲ್ಲ. 1987ರಲ್ಲಿ ಎಂ.ಆರ್.ಎಫ್. ಮತ್ತು ಹ್ಯಾಸ್ಬ್ರೋ ಸೇರಿ ಕಟ್ಟಿದ ಫನ್‌ಸ್ಕೂಲ್ ಕಂಪನಿ ಜಿ.ಐ. ಜೋ ಗೊಂಬೆಗಳನ್ನು ಭಾರತದಲ್ಲೇ ಮಾಡಿ ಮಾರಿತು. ದೂರದರ್ಶನದ ಕಾಲದ ಹೀ-ಮ್ಯಾನ್ ಗೊಂಬೆಗಳನ್ನು ಇಲ್ಲಿ ಲಿಯೋ ಎಂಬ ಹೆಸರಿನಲ್ಲಿ ಮಾಡುತ್ತಿದ್ದರು. ಫನ್‌ಸ್ಕೂಲ್‌ನ ಸೈನಿಕರು ಅಮೆರಿಕದಲ್ಲಿ ಯಾರೂ ಕಂಡಿರದ ಬಣ್ಣಗಳಲ್ಲಿ ಬಂದದ್ದುಂಟು. ಇವತ್ತು ಹೊರದೇಶದ ಸಂಗ್ರಾಹಕರು ಹುಡುಕುವುದು ಆ ಬಣ್ಣಗಳನ್ನೇ. ಆ ಬಣ್ಣ ಆರಿಸಿದ ಕೈ ಯಾರದು, ಅಷ್ಟು ಸಣ್ಣ ಮುಖಗಳಿಗೆ ಹುಬ್ಬು ಮೀಸೆ ಬರೆದವರು ಯಾರು ಎಂದು ಡಬ್ಬಿ ಹೇಳಲಿಲ್ಲ. ವಿನ್ಯಾಸಕರ ಹೆಸರನ್ನೇ ಅಳಿಸಿದ ಪದ್ಧತಿ ಕಾರ್ಮಿಕರ ಹೆಸರನ್ನು ಎಲ್ಲಿಂದ ನೆನಪಿಟ್ಟುಕೊಳ್ಳಬೇಕು?

ನನ್ನ ಬೇಡಿಕೆ ದೊಡ್ಡದೇನಲ್ಲ. ಅಚ್ಚುಗಳನ್ನು ಒಡೆದುಹಾಕಿ ಎನ್ನುತ್ತಿಲ್ಲ, ಹತ್ತು ಸಲ ಬಳಸಲಿ. ಡಬ್ಬಿಯ ಹಿಂಬದಿಯಲ್ಲಿ ಒಂದು ಸಾಲು ಇರಲಿ: ಈ ವಿನ್ಯಾಸ ಇಂಥವರದು, ಇಂಥ ವರ್ಷ ಇಂಥ ಸರಣಿಗಾಗಿ ಮಾಡಿದ್ದು. ಹದಿನಾರು ಭಾಷೆಗಳಲ್ಲಿ ಉಸಿರುಗಟ್ಟುವ ಅಪಾಯದ ಎಚ್ಚರಿಕೆ ಅಚ್ಚಾಗುವ ಜಾಗದಲ್ಲಿ ಇದಕ್ಕೆ ಸ್ಥಳವಿಲ್ಲವೆಂದರೆ ನಂಬಲಾಗದು.

ಆಗುವುದಿಲ್ಲ ಎನ್ನುವವರು ಬೋರ್ಡ್ ಗೇಮ್‌ಗಳತ್ತ ನೋಡಲಿ. 1988ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳದಲ್ಲಿ ಕೆಲವು ಆಟ ವಿನ್ಯಾಸಕರು ಸೇರಿ, ಬಿಯರ್ ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯೊಂದರ ಮೇಲೆ ಒಂದು ಪಣ ಬರೆದು ಸಹಿ ಹಾಕಿದರು. ಡಬ್ಬಿಯ ಮೇಲೆ ನಮ್ಮ ಹೆಸರು ಹಾಕದ ಪ್ರಕಾಶಕರಿಗೆ ನಮ್ಮಲ್ಲಿ ಯಾರೂ ಆಟ ಕೊಡುವುದಿಲ್ಲ ಎಂಬುದೇ ಆ ಪಣ. ಇವತ್ತು ಒಳ್ಳೆಯ ಬೋರ್ಡ್ ಗೇಮ್ ಕೈಗೆತ್ತಿಕೊಂಡರೆ ಪುಸ್ತಕದ ಮೇಲೆ ಇರುವಂತೆ ವಿನ್ಯಾಸಕರ ಹೆಸರು ಕಾಣುತ್ತದೆ. ಜನ ಆ ಹೆಸರು ನೋಡಿಯೇ ಮುಂದಿನ ಆಟ ಕೊಳ್ಳುತ್ತಾರೆ. ಉದ್ಯಮವೇನೂ ಮುಳುಗಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮಿಂದಲೂ ಇಲ್ಲಿ ಒಂದು ಕೆಲಸ ಆಗಬೇಕಿದೆ. ಫ್ರಾಂಚೈಸಿಗಳ ಬಗ್ಗೆ ಪ್ರಬಂಧ ಬರೆಯುವಾಗ ಮರುಕಥನ ಎಂಬ ಪದ ಬಳಸುವ ಮುನ್ನ ಕೇಳಿಕೊಳ್ಳೋಣ. ಹಿಂದೆ ಹೇಳಿದವರ ಹೆಸರು ಇಲ್ಲಿ ಉಳಿದಿದೆಯೇ? ಉಳಿದಿಲ್ಲವಾದರೆ ಅಳಿಸಿದವರು ಯಾರು, ಅದರಿಂದ ಲಾಭವಾದದ್ದು ಯಾರಿಗೆ? ಬುಡಿಯಾನ್‌ಸ್ಕಿ ಬರೆದ ಸ್ಟಾರ್‌ಸ್ಕ್ರೀಮ್‌ನ ವಿಶ್ವಾಸಘಾತದ ಬಗ್ಗೆ ಖಂಡಿತ ಬರೆಯೋಣ. ಅದೇ ಪುಟದಲ್ಲಿ ಆ ವಿಮಾನದ ಕಾಕ್‌ಪಿಟ್ಟನ್ನೂ ಒಮ್ಮೆ ಎತ್ತಿ ನೋಡೋಣ.